ಅಪ್ಪನ ಕೈಯ ಅಕ್ಷರ

ಹಳದೀಪುರದ ಕಿರಣನಿಗೆ ತನ್ನ ನಾಲ್ಕು ವರ್ಷದ ಮಗಳು ಅನಘಾ ಮುತ್ತು ಪೋಣಿಸಿದ ಹಾಗೆ ಬರೆಯುತ್ತಾಳೆಂದು ಭಾರಿ ಹೆಮ್ಮೆ. ಬರೆಯುತ್ತಿದ್ದವನು ತಾನೇ ಎಂಬ ಸಣ್ಣ ಸಂಗತಿ ಆ ಹೆಮ್ಮೆಗೆ ಎಂದೂ ಅಡ್ಡ ಬಂದಿರಲಿಲ್ಲ.

ಸಂಜೆ ಕುಮಟೆಯ ಸೊಸೈಟಿಯ ಕೆಲಸ ಮುಗಿಸಿ ಬಸ್ಸಿಳಿದು ಬಂದವನೇ ಸ್ಲೇಟು ಹಿಡಿದು ಕೂರುತ್ತಿದ್ದ. ಮಗಳ ಪುಟ್ಟ ಮುಷ್ಟಿಯನ್ನು ತನ್ನ ಮುಷ್ಟಿಯೊಳಗೆ ಅದುಮಿಕೊಂಡು ಅ ಆ ಇ ಈ ಬರೆಸುತ್ತಿದ್ದ. ಪಾಪದ ಮಗು, ಕೈಯನ್ನು ಅಪ್ಪನಿಗೆ ಬಿಟ್ಟುಕೊಟ್ಟು ಗೋಡೆಯ ಹಲ್ಲಿ ನೋಡುತ್ತ ಆರಾಮಾಗಿ ಇರುತ್ತಿತ್ತು. ಬರೆದಾದ ಮೇಲೆ ಕಿರಣ ತನ್ನ ಕೈ ತೆಗೆದು, ಮಗಳ ಬೆರಳಿಗೆ ಕಡ್ಡಿ ಹಿಡಿಸಿ, ಫೋಟೋ ಹೊಡೆದು ಬಳಗದ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದ. ಭಟ್ಕಳದ ಅತ್ತೆಯಂತೂ ದಿನಾ ಹೊಗಳುವವಳೇ. ಚಿಕ್ಕಂದಿನಲ್ಲಿ ಕಿರಣನ ಕಾಗೆ ಕಾಲು ಗುಬ್ಬಿ ಕಾಲಿನ ಅಕ್ಷರ ತಿದ್ದಲು ಹೋಗಿ ಸೋತು ಕೈಬಿಟ್ಟವಳು ಅವಳು. ಅವಳ ಹೊಗಳಿಕೆ ಓದದೆ ಅವನಿಗೆ ಊಟ ಸೇರುತ್ತಿರಲಿಲ್ಲ.

"ಒಂದ್ಸಲ ಅದ್ರ ಕೈ ಬಿಟ್ಟು ನೋಡಿ," ಎಂದು ಹೆಂಡತಿ ದೀಪಾ ಹೇಳಿದರೆ, "ಬಿಟ್ರೆ ಅಕ್ಷರ ಹಾಳಾಗ್ತದೆ. ನಿಂಗೆ ಎಂತ ಗೊತ್ತು?" ಎನ್ನುತ್ತಿದ್ದ.

ಮಗಳ ಶಾಲೆಯಲ್ಲಿ ಶಾರದಾ ಪೂಜೆ ಬಂತು. ಕಿರಣ ತಾನಾಗಿಯೇ ಹೋಗಿ, ಎಲ್ಲರೆದುರು ಮಗಳ ಕೈಯಲ್ಲಿ ಹೆಸರು ಬರೆಸಬೇಕೆಂದು ಟೀಚರ್ ಅಕ್ಕೋರಿಗೆ ಗಂಟುಬಿದ್ದ. ಅವರೂ ಒಪ್ಪಿದರು.

ಹೊಸ ಲಂಗ ತೊಟ್ಟ ಅನಘಾ ಚಾಕ್ ಹಿಡಿದು ಹಲಗೆಯ ಮುಂದೆ ನಿಂತಳು. ಕಿರಣ ಫೋನು ಎತ್ತಿ ಹಿಡಿದ. ಅವಳು ಬರೆಯಲಿಲ್ಲ. ಹಿಂತಿರುಗಿ, ಬಳೆ ತೊಡಿಸಿಕೊಳ್ಳುವವಳ ಹಾಗೆ ಕೈ ಚಾಚಿದಳು.

"ಅಪ್ಪಾ, ಬಾ. ಕೈ ಹಿಡಿ."

ಕೂತವರೆಲ್ಲ ಗೊಳ್ಳೆಂದರು. ಪುಣ್ಯಾತ್ಮ ಎದ್ದು ಹೊರಟೇಬಿಟ್ಟಿದ್ದ. ದೀಪಾ ಅಂಗಿ ಹಿಡಿದೆಳೆದು ಕೂರಿಸಿದಳು.

"ನಿಂಗೆ ಬಂದ ಹಾಂಗೆ ಬರಿ ಮಗಾ," ಎಂದರು ಅಕ್ಕೋರು.

ಅನಘಾ ತುಟಿ ಕಚ್ಚಿಕೊಂಡು ಬರೆದಳು. ಹೊಟ್ಟೆ ಒಂದು ಕಡೆ, ಬಾಲ ಇನ್ನೊಂದು ಕಡೆ. ಮನಸ್ಸು ಮಾಡಿ ನೋಡಿದರೆ ಅದು ಅ. ಬರೆದವಳು ಅಲ್ಲೇ ಕುಣಿದಾಡಿದಳು.

"ಅಪ್ಪಾ, ನಾನೇ ಬರ್ದೆ! ಫೋಟೋ ತೆಗಿ, ಗುಂಪಿಗೆ ಹಾಕು!"

ಕಿರಣ ಫೋನನ್ನು ಕಿಸೆಗೆ ತುರುಕಿದ. "ಚಾರ್ಜ್ ಇಲ್ಲ ಮಗಾ."

ಮಗುವಿನ ಮುಖ ಬಾಡಿತು. ಕೂಸಿನೆದುರು ಹಾಗೆ ಸುಳ್ಳಾಡಲು ನಾಲಗೆಯಾದರೂ ಹೇಗೆ ಹೊರಳಿತೋ!

ದೀಪಾ ಎದ್ದುಹೋಗಿ, ಮಗಳನ್ನು ಅವಳ ಅಕ್ಷರದ ಪಕ್ಕ ನಿಲ್ಲಿಸಿ ತನ್ನ ಫೋನಿನಲ್ಲಿ ಫೋಟೋ ತೆಗೆದಳು. ಸ್ವಲ್ಪ ಹೊತ್ತಿಗೆ ಕಿರಣನ ಕಿಸೆಯಲ್ಲಿ, ಚಾರ್ಜ್ ಇಲ್ಲದ ಆ ಫೋನು ಟಿಂಗ್ ಎಂದಿತು. ಗುಂಪಿನಲ್ಲಿ ಮಗಳ ಸೊಟ್ಟ ಅ. ಕೆಳಗೆ ದೀಪಾ ಬರೆದಿದ್ದಳು: "ಇದು ಅನಘಾ ಬರೆದದ್ದು. ನಿನ್ನೆವರೆಗಿನದ್ದೆಲ್ಲ ಅವಳ ಅಪ್ಪಂದು."

ಮೊದಲ ಉತ್ತರ ಭಟ್ಕಳದ ಅತ್ತೆಯದೇ: "ಹೌದಾ? ಅಂತೂ ಕಿರಣನ ಅಕ್ಷರ ಸುಧಾರಿಸ್ತು!"