ಮುಂದಿನ ಫೋಟೋ

ಗೋಡೆಯ ಮೊಳೆಯಿಂದ ಕ್ಯಾಮೆರಾ ಬಿಡಿಸಿ ತಂದ ಊರ ಹಿರಿಯ ದೊಡ್ಡಹನುಮಯ್ಯ ಅದನ್ನು ಬೋರಲಿಂಗಯ್ಯನ ತೊಡೆಯ ಮೇಲಿಟ್ಟ.

"ಇದ್ನೂ ಜೊತೇಲಿ ಕಳ್ಸ್‌ಬುಡಪ್ಪ. ಅವ್ಳ ಜೀವ ಇದ್ರಲ್ಲೇ ಇತ್ತು."

ಎದುರಿನ ಜಗುಲಿಯ ಮೇಲೆ ಬೋರಲಿಂಗಯ್ಯನ ಹೆಂಡತಿ ಧನಲಕ್ಷ್ಮಿಯನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಬೆಳಗಿನ ಜಾವ ಎದೆ ಹಿಡಿದುಕೊಂಡವಳು ಆಟೋ ಬರುವ ಮೊದಲೇ ಹೋಗಿದ್ದಳು.

"ನಿಮ್ಮಪ್ಪನ್ ಜೇಬಿಗೆ ಬೀಡಿ ಕಟ್ಟು ಹಾಕ್ಲಿಲ್ವಾ ನಾವು?" ಎಂದ ದೊಡ್ಡಹನುಮಯ್ಯ.

"ಹಾಕೇನೋ ಹಾಕುದ್ರಿ, ಬೆಂಕಿಪೊಟ್ಣ ಮರ್ತ್‌ಬುಟ್ರಿ," ಎಂದ ಬೋರಲಿಂಗಯ್ಯನ ತಮ್ಮ ನಟರಾಜು. "ನಮ್ಮಪ್ಪ ಇನ್ನೂ ಯಾರ್‌ತಾವ್ಲೋ ಬೆಂಕಿ ಕೇಳ್ಕಂಡ್ ತಿರುಗ್ತಾವ್ನೆ."

ಒಂದಿಬ್ಬರು ನಕ್ಕು, ಹೆಣದ ಕಡೆ ನೋಡಿ ಸುಮ್ಮನಾದರು.

ಹೆಂಗಸರ ಗುಂಪಿನಲ್ಲಿ ಸರಸಮ್ಮ ಹೇಳುತ್ತಿದ್ದಳು. ಸ್ಕೂಲಿನ ಬಿಸಿಯೂಟಕ್ಕೆ ಅವಳೂ ಧನಲಕ್ಷ್ಮಿಯೂ ಒಟ್ಟಿಗೆ ಬೇಯಿಸುವವರು. "ನೆನ್ನೆ ಸಾರಿಗೆ ಒಗ್ರಣೆ ಹಾಕ್‌ಬುಟ್ಟು ಹೊಳೆ ಕಡೀಕೆ ಓಡೋದ್ಲು ಕಣಕ್ಕ. ಅದ್ಯಾವ್ದೋ ಹಕ್ಕಿ ಮರಿ ಮಾಡೈತಂತೆ."

"ಮಕ್ಳಿಲ್ದೋಳು. ಹಕ್ಕಿ ಮರೀನಾದ್ರೂ ನೋಡ್ಕಂಡ್ಲು ಬುಡು," ಎಂದಳು ಇನ್ನೊಬ್ಬಳು, ಮೂಗು ಒರೆಸಿಕೊಳ್ಳುತ್ತ.

ಬೋರಲಿಂಗಯ್ಯನಿಗೆ ಅದು ಕೇಳಿಸಿತು. ಅವನು ಕ್ಯಾಮೆರಾ ಹಿಡಿದುಕೊಂಡು ಎದ್ದು ಹಿತ್ತಲಿಗೆ ಹೋದ.

*

ಆ ಕ್ಯಾಮೆರಾ ಕೊಟ್ಟವಳು ಧನಲಕ್ಷ್ಮಿಯ ತಂಗಿಯ ಮಗಳು ರಮ್ಯಾ. ಕನಕಪುರದ ಸ್ಟುಡಿಯೋ ಒಂದರಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿ ಬೇಡವಾದದ್ದನ್ನು ದೊಡ್ಡಮ್ಮನಿಗೆ ತಂದುಕೊಟ್ಟಳು. ಅಂದಿನಿಂದ ಭಾನುವಾರ ಬಂತೆಂದರೆ ಧನಲಕ್ಷ್ಮಿ ಹೊಳೆದಂಡೆಯಲ್ಲಿ. ಊರ ಹುಡುಗರು ಅವಳನ್ನು ಹಕ್ಕಿಲಕ್ಷ್ಮಿ ಎಂದು ಕರೆದರು.

"ಹಕ್ಕಿ ಸರಿ. ನೀರಿಗ್ಯಾಕೆ ಫೋಟೋ? ನೀರೇನ್ ಓಡೋಯ್ತದಾ?" ಎಂದು ಬೋರಲಿಂಗಯ್ಯ ರೇಗಿದ್ದ.

"ಇನ್ನೇನ್ ನಿಂತೈತಾ?" ಎಂದಿದ್ದಳು ಅವಳು.

ಹೆಂಗಸು ಒಬ್ಬಳೇ ಹೊಳೆ ಕಡೆ ಹೋಗುತ್ತಾಳೆ ಎಂದು ಜನ ಆಡಿಕೊಂಡಾಗ, ಹೊಸತರಲ್ಲಿ ಒಂದೇ ಒಂದು ಭಾನುವಾರ ಅವನೂ ಜೊತೆಗೆ ಹೋಗಿದ್ದ. ಬಂಡೆಯ ಮೇಲೆ ಅವಳಿಗೆ ಬೆನ್ನು ಹಾಕಿ ಕೂತು, ಕಡ್ಡಿಪುಡಿ ಜಗಿದು ಎದ್ದು ಬಂದಿದ್ದ. ಸಂಜೆ ರೇಷ್ಮೆಹುಳುವಿಗೆ ಸೊಪ್ಪು ಹೆಚ್ಚುತ್ತಿದ್ದಾಗ ಅವಳು ಕ್ಯಾಮೆರಾ ಹಿಡಿದುಕೊಂಡು ಬಂದಳು.

"ಒಸಿ ನೋಡು ಬಾ. ಈ ಬಾಣದ ಗುರ್ತು ಒತ್ತುದ್ರೆ ಒಂದಾದ್ಮೇಲೆ ಒಂದ್ ಬತ್ತದೆ."

"ಕೈ ಬುಡುವಿಲ್ಲ. ಕಾಣಕಿಲ್ವಾ?"

ಅವಳು ಇನ್ನೊಮ್ಮೆ ಕರೆಯಲಿಲ್ಲ. ಅಂದಿನಿಂದ ಎಷ್ಟೋ ರಾತ್ರಿ ಅಡುಗೆಮನೆಯ ಪ್ಲಗ್ಗಿನಲ್ಲಿ ಒಂದು ಕೆಂಪು ದೀಪ ಕಾಣುತ್ತಿತ್ತು. ಸೊಳ್ಳೆ ಓಡಿಸುವ ಮಿಷನ್ನು ತಂದಿದ್ದಾಳೆ ಎಂದುಕೊಂಡಿದ್ದ. ಮನೆಯಲ್ಲಿ ಸೊಳ್ಳೆ ಕಮ್ಮಿಯಾಗಿದೆ ಎಂದೂ ಅನಿಸಿತ್ತು.

*

ಹಿತ್ತಲಲ್ಲಿ ಬಾನಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಬಾಣದ ಗುರುತು ಒತ್ತಿದ. ನಿನ್ನೆಯ ಗೂಡು ಬಂತು. ಬಾಯಿ ತೆರೆದ ಮರಿಗಳು, ಕಣ್ಣು ಇನ್ನೂ ಬಿಟ್ಟಿಲ್ಲ. ಇನ್ನೊಮ್ಮೆ ಒತ್ತಿದರೆ ಹಳೆಯವು ಮೊದಲಿಂದ ಶುರುವಾದವು. ನಗುತ್ತಿರುವ ರಮ್ಯಾ. ಬೆಳ್ಳಕ್ಕಿ. ಬಂಡೆಯ ಸಂದಿಯಲ್ಲಿ ಬಿಡಿಸಿಟ್ಟ ಹತ್ತಿಯ ಹಾಗಿದ್ದ ನೀರು. ತಾನು ದಿನಾ ದನ ತೊಳೆಯುವ ಹೊಳೆ ಇದೇನಾ ಎಂದು ಅವನು ಕಣ್ಣಿಗೆ ಹತ್ತಿರ ಹಿಡಿದ. ಮೂಲೆಯಲ್ಲಿ ಒಂದು ಕೆಂಪು ಗುರುತು ಮಿಣಮಿಣ ಎನ್ನುತ್ತಿತ್ತು.

ಆಮೇಲೆ ಒಂದು ಮಿಂಚುಳ್ಳಿ. ಒಣಗಿದ ಕಡ್ಡಿಯ ಮೇಲೆ ಕೂತಿತ್ತು, ಒಂದೊಂದು ಪುಕ್ಕವೂ ಬಿಡಿಬಿಡಿಯಾಗಿ. ಹಿಂದೆ, ಬಂಡೆಯ ಮೇಲೆ, ಕಲಸಿಹೋದ ಬಿಳಿ ಮಚ್ಚೆ. ಅದರ ಮೇಲೆ ಹಸಿರು ಗೀಟು.

ಅದು ತನ್ನ ಟವೆಲು.

ಒತ್ತಿದ. ಹಕ್ಕಿ ರೆಕ್ಕೆ ಬಿಚ್ಚಿತ್ತು. ಒತ್ತಿದ. ಕಡ್ಡಿ ಖಾಲಿ, ಈಗ ಕಡ್ಡಿಯೇ ಮಸುಕು. ಹಿಂದಿನ ಬೆನ್ನು ಸ್ವಲ್ಪ ತಿಳಿಯಾಗಿತ್ತು. ಅಂಗಿಯ ಹರಿದ ಕಾಲರು ಗುರುತಿಗೆ ಸಿಗುತ್ತಿತ್ತು. ಹಕ್ಕಿ ಹೋದ ಮೇಲೂ ಅವಳು ಕ್ಯಾಮೆರಾ ಇಳಿಸಿರಲಿಲ್ಲ.

ಒತ್ತಿದ. ಪರದೆ ಕಪ್ಪಾಯಿತು.

ಒತ್ತಿದ, ಅಲ್ಲಾಡಿಸಿದ, ಟವೆಲಿನಿಂದ ಒರೆಸಿ ಒತ್ತಿದ. ನಟರಾಜು ಹುಡುಕಿಕೊಂಡು ಬಂದ.

"ಗುಂಡಿ ಆಯ್ತು ಕಣಣ್ಣ. ಹೊತ್ತು ಮುಳುಗೋದ್ರೊಳ್ಗೆ ಮುಗುಸ್ಬೇಕು. ಏನದು?"

"ಆರೋಯ್ತು."

ನಟರಾಜು ತನ್ನ ಮೊಬೈಲಿನ ಚಾರ್ಜರು ತಂದು ಚುಚ್ಚಿ ನೋಡಿದ. ಪಿನ್ನು ಕೂರಲಿಲ್ಲ. "ಇದ್ರುದು ಬ್ಯಾರೆ ಇರ್ತದೆ. ಎಲ್ಲಿ ಮಡ್ಗವ್ಳೋ ಅತ್ಗೇನೆ ಹೇಳ್ಬೇಕು. ಹಳೇ ಮಾಲು, ಕೆಟ್ಟೋಗೈತೆ ಬುಡು. ನಿಂಗೇನ್ ನೋಡ್ಬೇಕಿತ್ತು?"

ನನ್ನ ಫೋಟೋ ಎಂದು ಹೆಣ ಇಟ್ಟುಕೊಂಡು ಹೇಗೆ ಹೇಳುವುದು?

"ಏನಿಲ್ಲ," ಎಂದ ಬೋರಲಿಂಗಯ್ಯ.

ಹೊಲದ ಬದುವಿನಲ್ಲಿ ಅವಳನ್ನು ಗುಂಡಿಗಿಳಿಸಿದರು. ದೊಡ್ಡಹನುಮಯ್ಯ ಕೈ ಚಾಚಿದ. ಬೋರಲಿಂಗಯ್ಯ ಕ್ಯಾಮೆರಾದ ಕೊರಳಪಟ್ಟಿಯನ್ನು ಎರಡು ಸುತ್ತು ಸುತ್ತಿ ಅದನ್ನು ತಾನೇ ಬಗ್ಗಿ ಅವಳ ಎದೆಯ ಮೇಲಿಟ್ಟ. ಮೊದಲ ಹಿಡಿ ಮಣ್ಣೂ ಅವನದೇ.

"ನೀನು ಏನೂ ಮರೀಲಿಲ್ಲ ಬುಡಣ್ಣ," ಎಂದ ನಟರಾಜು.

*

ಕನಕಪುರದ ಬಸ್ಸಿಳಿದು ರಮ್ಯಾ ಬರುವ ಹೊತ್ತಿಗೆ ಎಲ್ಲರೂ ಕೈಕಾಲು ತೊಳೆದು, ಹಚ್ಚಿಟ್ಟ ದೀಪ ನೋಡಿ ಮನೆಮನೆಗೆ ಹೋಗಿದ್ದರು. ಅವಳು ಜಗುಲಿಯ ಖಾಲಿ ಜಾಗ ನೋಡಿ ಅತ್ತಳು. ಆಮೇಲೆ ಮುಖ ಒರೆಸಿಕೊಂಡು, ನೀರು ಕುಡಿಯಲು ಒಳಗೆ ಹೋದಳು. ಬೆಳಗಿನಿಂದ ಯಾರೂ ಅಡುಗೆಮನೆಗೆ ಕಾಲಿಟ್ಟಿರಲಿಲ್ಲ.

"ದೊಡ್ಡಪ್ಪ, ಎರಡ್ನೇ ಬ್ಯಾಟ್ರಿ ಇಲ್ಲೇ ಚಾರ್ಜಿಗ್ ಹಾಕವ್ಳೆ. ಫುಲ್ ಆಗೈತೆ," ಎಂದು ಅಲ್ಲಿಂದಲೇ ಕೂಗಿದಳು. "ಕ್ಯಾಮ್ರಾ ಎಲ್ಲೈತೆ? ತನ್ನಿ, ಕೂತು ನೋಡಾನ."

ಬೋರಲಿಂಗಯ್ಯ ಬಂದು ಹೊಸ್ತಿಲಲ್ಲಿ ನಿಂತ. ರಾಗಿ ಡಬ್ಬದ ಪಕ್ಕದ ಪ್ಲಗ್ಗಿನಲ್ಲಿ, ಅವನು ಸೊಳ್ಳೆಯದೆಂದುಕೊಂಡಿದ್ದ ದೀಪ ಕೆಂಪಿರಲಿಲ್ಲ, ಹಸಿರಾಗಿತ್ತು. ರಮ್ಯಾ ಬ್ಯಾಟರಿ ಬಿಡಿಸಿಕೊಂಡು ಇನ್ನೊಂದು ಕೈ ಚಾಚಿ ಕಾಯುತ್ತಿದ್ದಳು. ಅವನು ತನ್ನ ಕೈ ನೋಡಿಕೊಂಡ. ತೊಳೆದರೂ ಉಗುರಿನ ಸಂದಿಯಲ್ಲಿ ಉಳಿದಿದ್ದ ಕೆಮ್ಮಣ್ಣು ಆ ಹಸಿರು ಬೆಳಕಿಗೆ ಕಪ್ಪಗೆ ಕಾಣುತ್ತಿತ್ತು.