ಒಂಬತ್ತು ಪ್ರಶ್ನೆ, ಸೊನ್ನೆ ಅಂಕ

ಕುರ್ಚಿಯಣ್ಣ ಒಂದೇ ಒಂದು ಮಾತನ್ನು ಹದಿನೈದು ದಿನದಿಂದ ಬಾಯಿಪಾಠ ಮಾಡಿಕೊಂಡಿದ್ದ. 'ಡಾಕ್ಟ್ರೇ, ಕುರ್ಚಿ ಹೆಣೆಯೋ ಹಗ್ಗ ಕೈಗೆ ತಗೊಂಡ್ರೆ ಸಾಕು, ಇದು ನನ್ನ ಭಾರ ತಡಿಯತ್ತಾ ಅಂತ ಜಗ್ಗಿ ನೋಡ್ತೀನಿ.' ಇಷ್ಟೇ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಬ್ಬರ ಮುಂದೆ ಇದನ್ನು ಹೇಳಿಬಿಟ್ಟರೆ ಎದೆಯ ಭಾರ ಇಳಿಯುತ್ತದೆ ಎಂದು ಅವನು ಗಟ್ಟಿಯಾಗಿ ನಂಬಿದ್ದ. ಅಕ್ಕನ ಹತ್ತಿರ ಮಾತ್ರ ನಿದ್ದೆ ಬರುತ್ತಿಲ್ಲ ಎಂದಷ್ಟೇ ಹೇಳಿ, ಅವಳ ಲಾಂಡ್ರಿ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿಸಿ, ಅವಳ ಮೊಣಕೈ ಹಿಡಿದು ಆಸ್ಪತ್ರೆಗೆ ಬಂದಿದ್ದ. ಅವನಿಗೆ ಹುಟ್ಟಿದಾಗಿನಿಂದ ಕಣ್ಣಿಲ್ಲ, ಬೆರಳು ಮಾತ್ರ ಮಹಾ ಚುರುಕು. ಅವನು ಹೆಣೆದ ಕುರ್ಚಿಯಲ್ಲಿ ಹತ್ತು ವರ್ಷ ಕೂತವರೂ ಸೀಟು ಜೋಲುಬಿತ್ತು ಎಂದವರಲ್ಲ.

ಮನೋವೈದ್ಯರ ಬಾಗಿಲಿಗೆ ಅಡ್ಡವಾಗಿ ಮೇಜು ಹಾಕಿಕೊಂಡು ಒಬ್ಬ ಗುಮಾಸ್ತ ಕೂತಿದ್ದ. ಅಲ್ಲಿನ ಪದ್ಧತಿ ಹೀಗೆ: ಮೊದಲು ಒಂದು ಫಾರಂ ತುಂಬಬೇಕು. ಒಂಬತ್ತು ಪ್ರಶ್ನೆ, ಒಂದೊಂದಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ. ಒಟ್ಟು ಐದು ದಾಟಿದರೆ ಡಾಕ್ಟರು, ಇಲ್ಲದಿದ್ದರೆ ಮನೆ. ಕಣ್ಣಿದ್ದವರು ಫಾರಂ ಹಿಡಿದು ಮೂಲೆಗೆ ಹೋಗಿ, ಕೈ ಮರೆ ಮಾಡಿಕೊಂಡು ಗುರುತು ಹಾಕಿ ಕೊಡುತ್ತಿದ್ದರು.

ಗುಮಾಸ್ತ ಕುರ್ಚಿಯಣ್ಣನ ಕೈಗೂ ಫಾರಂ ತುರುಕಿದ. ಆಮೇಲೆ ಮುಖ ನೋಡಿದ. "ಅಯ್ಯೋ ಪಾಪ! ಜೊತೆಗೆ ಬಂದಿರೋ ಅಮ್ಮ ಓದ್ತಾರಾ?"

"ನಂಗೆಲ್ಲಿ ಓದು ಬರತ್ತೆ ಸ್ವಾಮಿ?" ಎಂದಳು ಅಕ್ಕ.

"ಹಾಗಾದ್ರೆ ಕೊಡಿ ಇಲ್ಲಿ, ನಾನೇ ಓದ್ತೀನಿ."

"ಸ್ವಾಮಿ, ಒಳಗೆಲ್ಲಾದ್ರೂ ಕೂತು ಹೇಳ್ಲಾ?" ಎಂದ ಕುರ್ಚಿಯಣ್ಣ.

"ಒಳಗೆ ಡಾಕ್ಟ್ರಿದಾರೆ. ಅಲ್ಲಿಗೆ ಹೋಗ್ಬೇಕಾದ್ರೆ ಇದು ತುಂಬಿರ್ಬೇಕು. ನಾನು ಪುಕ್ಕಟೆ ಉಪಕಾರ ಮಾಡ್ತಿದೀನಿ, ಸುಮ್ನೆ ಉತ್ತರ ಹೇಳಿ."

ಕಣ್ಣು ಕಾಣದವರಿಗೆ ಕಿವಿಯೂ ಮಂದ ಎಂದು ಆ ಪುಣ್ಯಾತ್ಮನಿಗೆ ಯಾರು ಹೇಳಿಕೊಟ್ಟಿದ್ದರೋ! ಹರಾಜು ಕೂಗುವವನ ಗಂಟಲಲ್ಲಿ ಶುರು ಹಚ್ಚಿಕೊಂಡ: "ಕಳೆದ ಎರಡು ವಾರದಲ್ಲಿ ಯಾವ ಕೆಲಸವೂ ಬೇಡ ಅನ್ನಿಸಿದೆಯಾ? ಯಾವತ್ತೂ ಇಲ್ಲ, ಕೆಲವು ದಿನ, ತುಂಬ ದಿನ, ದಿನಾ! ಯಾವುದು?"

ಗಿಜಿಗುಡುತ್ತಿದ್ದ ಹಜಾರ ಗಪ್‌ಚುಪ್ಪಾಯಿತು. 'ದಿನಾ' ಎನ್ನಲು ಕುರ್ಚಿಯಣ್ಣ ಬಾಯಿ ತೆರೆದಿದ್ದ. ಅಷ್ಟರಲ್ಲಿ ಎಡಗಡೆ ಬೆಂಚಿನಿಂದ ಬೀಗದ ಕೈ ಗೊಂಚಲು ಝಣ್ ಎಂದಿತು. ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತು. ಬೆರಳಿಗೆ ಗೊಂಚಲು ಸಿಕ್ಕಿಸಿಕೊಂಡು ತಿರುಗಿಸುವ ಚಟ ಫರ್ನಿಚರ್ ಅಂಗಡಿಯ ಸಾಹುಕಾರರದ್ದು. ತಾಯಿಯ ಮಾತ್ರೆಗೆ ಬಂದಿದ್ದರು. ಕುರ್ಚಿಯಣ್ಣನ ಅನ್ನವೆಲ್ಲ ಅವರ ಅಂಗಡಿಯದೇ. ಪಾಲಿಶ್ ಕೆಲಸದವನೊಬ್ಬ ಇದೇ ಡಾಕ್ಟರ ಮಾತ್ರೆ ನುಂಗುತ್ತಾನೆಂದು ತಿಳಿದ ದಿನವೇ, "ತಲೆ ಕೆಟ್ಟೋನ ಕೈಗೆ ಸಾಮಾನು ಕೊಡಕ್ಕಾಗತ್ತಾ?" ಎಂದು ಅವನನ್ನು ಬಿಡಿಸಿದ್ದರು.

"ಯಾವತ್ತೂ ಇಲ್ಲ" ಎಂದ ಕುರ್ಚಿಯಣ್ಣ.

ನಿದ್ದೆ? ಬರುತ್ತದೆ. ಊಟ? ಸೇರುತ್ತದೆ. ತಾನು ಯಾತಕ್ಕೂ ಬಾರದವನು ಅನ್ನಿಸಿದೆಯಾ? ಇಲ್ಲವೇ ಇಲ್ಲ. ಹೀಗೆ ಎಂಟು ಸುಳ್ಳು ಮುಗಿದವು.

"ಕೊನೇದು! ಸತ್ತು ಹೋದ್ರೆ ಚೆನ್ನಾಗಿರತ್ತೆ ಅನ್ನಿಸಿದೆಯಾ?"

ಯಾರೋ ಹೆಂಗಸು ಲೊಚಗುಟ್ಟಿದಳು. ಬಾಯಿಪಾಠ ಮಾಡಿದ ಮಾತು ಗಂಟಲ ತನಕ ಬಂತು. ಬೀಗದ ಕೈ ಸದ್ದು ನಿಂತಿತ್ತು. ಸಾಹುಕಾರರು ಕಿವಿಗೊಟ್ಟು ಕೂತಿದ್ದಾರೆ ಎಂದು ಅವನಿಗೆ ಗೊತ್ತಾಯಿತು.

"ಛೇ ಛೇ, ನಂಗ್ಯಾಕೆ ಸ್ವಾಮಿ ಸಾವು!" ಎಂದು ನಕ್ಕೂಬಿಟ್ಟ. ಹಜಾರವೂ ನಕ್ಕಿತು.

"ಸೊನ್ನೆ! ಇಂಥ ಗಟ್ಟಿ ಮನುಷ್ಯನ್ನ ಈ ಮೇಜಿನ ಮುಂದೆ ನೋಡೇ ಇರ್ಲಿಲ್ಲ" ಎಂದು ಗುಮಾಸ್ತ ಠಪ್ಪೆಂದು ಮೊಹರು ಒತ್ತಿದ.

"ಡಾಕ್ಟ್ರನ್ನ ಒಂದೇ ಒಂದು ನಿಮಿಷ..."

"ಸೊನ್ನೆ ಬಂದವರನ್ನ ಒಳಗೆ ಬಿಟ್ರೆ ನನ್ನ ಕೆಲಸ ಹೋಗತ್ತೆ. ನಿಜವಾಗ್ಲೂ ಕಷ್ಟ ಇರೋರು ಕಾಯ್ತಿದಾರೆ, ಏಳಿ."

ಬಾಗಿಲು ಅವನಿಂದ ಎರಡೇ ಮಾರು ದೂರದಲ್ಲಿತ್ತು. ಒಳಗೆ ಡಾಕ್ಟರು ಕೆಮ್ಮಿದ್ದು ಕೂಡ ಅವನಿಗೆ ಕೇಳಿಸಿತು.

ಸಾಹುಕಾರರು ಬಂದು ಬೆನ್ನು ತಟ್ಟಿದರು. "ನಿನ್ನನ್ನ ಇಲ್ಲಿ ನೋಡಿ ಹೆದರಿಬಿಟ್ಟಿದ್ದೆ ಮಾರಾಯ! ಸದ್ಯ, ಏನೂ ಇಲ್ವಲ್ಲ. ನಲವತ್ತು ಕುರ್ಚಿ ಬಂದಿದೆ. ಹೊಸ ನೈಲಾನ್ ಹಗ್ಗ ಸಂಜೆಗೇ ಮನೆಗೆ ಕಳಿಸ್ತೀನಿ. ಎಂಥಾ ಮಾಲು ಗೊತ್ತಾ? ಎಷ್ಟು ಜಗ್ಗಿದ್ರೂ ಹರಿಯಲ್ಲ."

ದಾರಿಯುದ್ದಕ್ಕೂ ಅಕ್ಕನ ಸಂತೋಷಕ್ಕೆ ಮಿತಿಯಿರಲಿಲ್ಲ. ಮೊಹರು ಬಿದ್ದ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ತಮ್ಮನ ಜೇಬಿಗೆ ಹಾಕಿದ್ದಳು. "ಸುಮ್‌ಸುಮ್ನೆ ನನ್ನ ಜೀವ ತಿಂದೆಯಲ್ಲೋ! ಇನ್ನು ಮುಂದೆ ನಿದ್ದೆ ಗಿದ್ದೆ ಅಂದ್ರೆ ಕಿವಿ ಹಿಂಡ್ತೀನಿ ನೋಡು."

ಸಂಜೆ ಹಗ್ಗದ ಉಂಡೆಗಳು ಬಂದವು. ಕುರ್ಚಿಯಣ್ಣ ಒಂದನ್ನು ತೊಡೆಯ ಮೇಲಿಟ್ಟುಕೊಂಡು, ತುದಿ ಹುಡುಕಿ, ಎರಡೂ ಕೈಯಿಂದ ಜಗ್ಗಿ ನೋಡಿದ. ಸಾಹುಕಾರರು ಹೇಳಿದ್ದು ನಿಜವೇ ಆಗಿತ್ತು.

"ಅಕ್ಕಾ, ನಾಳೆ ಎಷ್ಟು ಹೊತ್ತಿಗೆ ಹೊರಡ್ತೀಯಾ?"

"ಎಂಟಕ್ಕೆ. ಇವತ್ತಿಂದೂ ಸೇರಿಸಿ ಮಾಡ್ಬೇಕು, ಬರೋದು ಸಂಜೆನೇ. ಯಾಕೋ?"

"ಏನಿಲ್ಲ, ಸುಮ್ನೆ ಕೇಳ್ದೆ" ಎಂದ ಅವನು.