ಅಟ್ಟಣೆ ಹೊರುವ ಚೀಲ

ಅಂಗಡಿಯ ನಡುವೆ ಅಂತೋನಿ ಹೆಗಲ ಮೇಲಿದ್ದ ಅಲ್ಯೂಮಿನಿಯಂ ಅಟ್ಟಣೆಯನ್ನು ಧಡ್ಡನೆ ಇಳಿಸಿದಾಗ, ಅಲ್ಲಿ ಡೇರೆ ನೋಡುತ್ತಿದ್ದವರೆಲ್ಲ ತಿರುಗಿ ನೋಡಿದರು. ಅವನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬರುವಾಗ ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ಟ್ರಾಮಿನಲ್ಲಿ ಇಡೀ ಡಬ್ಬಿಯ ಜನ ನೋಡಿ ಮುಗಿಸಿದ್ದರು. ಚೀಲ ಕೊಳ್ಳುವುದಾದರೆ ಅದರಲ್ಲಿ ಹೊರಬೇಕಾದ್ದನ್ನು ಹೊತ್ತುಕೊಂಡೇ ಹೋಗಬೇಕು, ಅಂದಾಜಿನ ಮೇಲೆ ಕೊಳ್ಳುವುದು ಸೋಮಾರಿಗಳ ಕೆಲಸ ಎಂಬುದು ಅವನ ಅಭಿಪ್ರಾಯ. ಅವನ ಅಭಿಪ್ರಾಯಗಳೆಲ್ಲ ಹೀಗೆ ಗಟ್ಟಿ ದನಿಯವೇ.

ಅಟ್ಟಣೆಯೆಂದರೆ ಭಾರಿ ದೊಡ್ಡದೇನಲ್ಲ. ಮಡಚಿದರೆ ಕುರ್ಚಿಯ ಬೆನ್ನಿನಷ್ಟು ಅಗಲ. ಬಿಡಿಸಿ, ಪಟ್ಟಿ ಹಾಕಿ ಮರದ ಕಾಂಡಕ್ಕೆ ಬಿಗಿದರೆ ಒಬ್ಬ ಮನುಷ್ಯ ಕೋವಿ ಹಿಡಿದು ಕೂರಬಹುದು. ಅದನ್ನು ಕೊಟ್ಟವನು ಬೆಂಗ್ಟ್. ಅಂತೋನಿ ವೆಲ್ಡಿಂಗ್ ಮಾಡುವ ಟ್ರಕ್ ಕಾರ್ಖಾನೆಯಲ್ಲಿ ಅವನು ಫೋರ್‌ಮನ್. ನಗರದಾಚೆಯ ಕಾಡಿನಲ್ಲಿ ಪ್ರತಿ ಅಕ್ಟೋಬರಿನಲ್ಲಿ ಮೂಸ್ ಬೇಟೆಯಾಡುವ ತಂಡವೊಂದಕ್ಕೆ ಯಜಮಾನ. ಮೂಸ್ ಎಂದರೆ ನಮ್ಮ ಕಡವೆಯ ದೊಡ್ಡಣ್ಣ. ಅದರ ಹೆಗಲೇ ಮನುಷ್ಯನ ತಲೆಯ ಮಟ್ಟಕ್ಕೆ ಬರುತ್ತದೆ.

ಆ ತಂಡದ ಮುದುಕನೊಬ್ಬನ ಮಂಡಿ ಕೈಕೊಟ್ಟು ಒಂದು ಜಾಗ ಖಾಲಿಯಾಗಿತ್ತು. ಸೋಮವಾರ ಅತಿಥಿಯಾಗಿ ಬಾ, ಆಮೇಲೆ ನಿನ್ನನ್ನು ಸೇರಿಸಿಕೊಳ್ಳುವುದೋ ಬಿಡುವುದೋ ಎಂದು ತಂಡ ತೀರ್ಮಾನಿಸುತ್ತದೆ ಎಂದು ಬೆಂಗ್ಟ್ ಹೇಳಿದ್ದ. ಮುದುಕ ಕೂರುತ್ತಿದ್ದದ್ದು ಒಂದು ಜೌಗು ಬಯಲಿನ ಅಂಚಿನ ಪೈನ್ ಮರದಲ್ಲಿ. ಜೌಗಿನ ಆಚೆ ಮನೆಗಳಿವೆ. ನೆಲದ ಮೇಲೆ ನಿಂತು ಹೊಡೆದರೆ ತಪ್ಪಿದ ಗುಂಡು ಎಲ್ಲಿಗೆ ಹೋಗುತ್ತದೋ ಹೇಳುವಂತಿಲ್ಲ. ಮೇಲಿನಿಂದ ಹೊಡೆದರೆ ನೆಲಕ್ಕೇ ಇಳಿಯುತ್ತದೆ. ಹಾಗಾಗಿ ಅಲ್ಲಿ ಅಟ್ಟಣೆಯಿಲ್ಲದೆ ಬೇಟೆಯಿಲ್ಲ. ಬಿಟ್ಟು ಬಂದರೆ ಹಿಮಕ್ಕೆ ಪಟ್ಟಿ ಕೊಳೆಯುತ್ತದಾದ್ದರಿಂದ ಪ್ರತಿ ಸಲವೂ ಹೊತ್ತುಕೊಂಡು ಹೋಗಬೇಕು, ಹೊತ್ತುಕೊಂಡು ಬರಬೇಕು.

ಅಂತೋನಿಗೆ ಆ ಜಾಗ ಬೇಕೇ ಬೇಕಾಗಿತ್ತು. ಸ್ವೀಡನ್ನಿಗೆ ಬಂದಂದಿನಿಂದ ಅವನು ನೋಡುತ್ತಲೇ ಇದ್ದ: ವರ್ಷವೆಲ್ಲ ಫಿಕಾ ಎಂಬ ವಿರಾಮದ ಹೊತ್ತಿನಲ್ಲಿ ಕಾಫಿ ಕುಡಿಯುತ್ತ ಹವಾಮಾನ ಬಿಟ್ಟು ಬೇರೇನೂ ಮಾತಾಡದ ಗಂಡಸರು ಅಕ್ಟೋಬರ್ ಬಂದೊಡನೆ ಮೇಜಿನ ಸುತ್ತ ತಲೆ ಸೇರಿಸಿ ಗುಸುಗುಸು ಶುರುಮಾಡುತ್ತಿದ್ದರು. ಇಡೀ ದಿನ ಕಾಡಿನಲ್ಲಿ ಒಬ್ಬೊಬ್ಬರೇ ಕೂತು ಇವರು ಮಾಡುವುದಾದರೂ ಏನು? ಕೇಳಿದರೆ 'ಕೂರುತ್ತೇವೆ' ಎನ್ನುತ್ತಿದ್ದರು. ಅದು ಅವನ ತಲೆ ಕೊರೆಯುತ್ತಿತ್ತು. ಅದಕ್ಕಾಗಿಯೇ ಸ್ವೀಡಿಷ್ ಭಾಷೆಯಲ್ಲಿ ಬೇಟೆಯ ಪರೀಕ್ಷೆ ಬರೆದು, ಒಮ್ಮೆ ಫೇಲಾಗಿ, ಮತ್ತೆ ಬರೆದು ಪಾಸಾಗಿ ಕೋವಿಯ ಪರವಾನಗಿ ಪಡೆದಿದ್ದ.

ಗೆಳೆಯ ಪ್ರಭಾಕರ ಆಫೀಸಿನಿಂದ ನೇರ ಅಂಗಡಿಗೆ ಬಂದ. ಲಿಂಡ್‌ಹೋಲ್ಮೆನ್ ಬಡಾವಣೆಯ ಸಾಫ್ಟ್‌ವೇರ್ ಕಂಪನಿಯವನು, ಬೆಂಗಳೂರು ಬಸವನಗುಡಿಯವನು, ಮೊಟ್ಟೆಯನ್ನೂ ಮುಟ್ಟದವನು. ಆದರೂ ಅಂತೋನಿ ಕರೆದಲ್ಲಿಗೆ ತನ್ನ ಕಾರು ತರುತ್ತಿದ್ದ.

"ಸಾರ್, ಈ ಪಾಪದಲ್ಲಿ ನನ್ ಪಾಲು ಬ್ಯಾಗ್ ಸೆಲೆಕ್ಷನ್ ಅಷ್ಟೇ ಅಂತ ದೇವರಿಗೆ ನೀವೇ ಹೇಳ್ಬೇಕು," ಎಂದ.

"ನಿಮ್ಮ ದೇವರಿಗೆ ನಾನು ಎಂತ ಹೇಳುವುದು ಮಾರಾಯ್ರೆ? ಇದನ್ನು ಹಿಡ್ಕೊಳ್ಳಿ," ಎಂದು ಅಂತೋನಿ ಅಟ್ಟಣೆಯನ್ನು ಅವನ ಕೈಗೆ ಕೊಟ್ಟ.

ಆಮೇಲೆ ಶುರುವಾಯಿತು. ಗೋಡೆಯ ಮೇಲಿದ್ದ ಒಂದೊಂದು ಚೀಲವನ್ನೂ ಇಳಿಸಿ ಅದರ ಹೊಟ್ಟೆ ಬಗೆದು ನೋಡಿದ. ಈ ಸಣ್ಣ ಪಟ್ಟಿ ಯಾಕೆ? ಎದೆಯ ಮೇಲೆ ಬಿಗಿಯಲಿಕ್ಕೆ. ಎದೆಗೆ ಬಿಗಿದರೆ ಉಸಿರು ಹೇಗೆ? ಸೊಂಟದ ಪಟ್ಟಿ ಇಷ್ಟು ದಪ್ಪ ಯಾಕೆ? ಭಾರ ಹೆಗಲಿನಿಂದ ಸೊಂಟಕ್ಕೆ ಇಳಿಯಲಿಕ್ಕೆ. ಹಾಗಾದರೆ ಹೆಗಲ ಪಟ್ಟಿ ಯಾಕೆ ಬೇಕು? ಅಂಗಡಿಯ ಹೆಂಗಸು ನರೆತ ಕೂದಲಿನವಳು, ಸಹನೆಯವಳು. ಎಲ್ಲಕ್ಕೂ ಉತ್ತರ ಕೊಟ್ಟಳು. ಕೊನೆಗೆ ಒಳಗಿನಿಂದ ಒಂದು ಚೀಲ ತಂದಳು. ಕಂಬಳಿಯಂಥ ಬಟ್ಟೆ, ಹಸಿರು ಬಣ್ಣ, ಬೆನ್ನಿಗೆ ಕೊಳವೆಯ ಚೌಕಟ್ಟು, ಕೆಳಗೆ ಮಡಚುವ ಒಂದು ಹಲಗೆ. ಅಟ್ಟಣೆಯನ್ನು ಆ ಹಲಗೆಯ ಮೇಲೆ ಕೂರಿಸಿ ಎರಡು ಕಡೆ ಬಿಗಿದಳು. ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು. ಆದರೆ ಚೀಲದ ಭಾಗ ಚಿಕ್ಕದು. ಫ್ಲಾಸ್ಕು, ಸ್ವೆಟರು, ಚೂರಿ, ಹಗ್ಗ ಹಿಡಿಸಿದರೆ ಮುಗಿಯಿತು.

ಅಂತೋನಿಯ ಕಣ್ಣು ಮೂಲೆಯ ದೊಡ್ಡ ನೀಲಿ ನೈಲಾನ್ ಚೀಲದ ಮೇಲಿತ್ತು. ಪರ್ವತ ಹತ್ತುವವರದು. ಅದರೊಳಗೆ ಒಂದು ಕುರಿ ನಿಲ್ಲಬಹುದು.

"ಅಷ್ಟ್ ದೊಡ್ಡದ್ಯಾಕೆ ಸಾರ್? ಇದೇ ಫಿಟ್ ಆಗಿದ್ಯಲ್ಲ?"

"ಪಾಲು ಯಾವುದರಲ್ಲಿ ತರುವುದು? ನಿಮ್ಮ ಲ್ಯಾಪ್‌ಟಾಪ್ ಬ್ಯಾಗಲ್ಲಾ?"

ಪ್ರಭಾಕರನಿಗೆ ಅರ್ಥವಾಗಲಿಲ್ಲ. ಅಂತೋನಿ ಬಿಡಿಸಿ ಹೇಳಿದ. ಬೆಳ್ತಂಗಡಿ ಕಡೆಯ ಅವನ ಊರಿನಲ್ಲಿ, ಅವನ ಅಜ್ಜನ ಕಾಲಕ್ಕೆ, ಕಾಡುಹಂದಿ ಬಿದ್ದ ದಿನ ಸಂಜೆಯೇ ಹಲಸಿನ ಮರದ ಬುಡದಲ್ಲಿ ತೇಗದ ಎಲೆ ಹಾಸಿ ಪಾಲು ಹಾಕುತ್ತಿದ್ದರು. ಒಬ್ಬ ಮರಕ್ಕೆ ಮುಖಮಾಡಿ ನಿಲ್ಲುತ್ತಿದ್ದ. ಇನ್ನೊಬ್ಬ ಒಂದು ಗುಡ್ಡೆ ತೋರಿಸಿ 'ಇದು ಯಾರಿಗೆ?' ಎಂದರೆ ಅವನು ನೋಡದೆ ಹೆಸರು ಹೇಳಬೇಕು. ಕೋವಿಗೊಂದು ಪಾಲು, ನಾಯಿಗೊಂದು ಪಾಲು. ಬೇಟೆಗೆ ಹೋದವನು ಪಾಲು ತುಂಬಿಕೊಳ್ಳಲು ಏನೂ ಒಯ್ಯದೆ ನಿಂತರೆ, 'ಇವನಿಗೆ ಹಂದಿ ಬೀಳುವ ನಂಬಿಕೆಯೇ ಇರಲಿಲ್ಲ' ಎಂದು ಉಳಿದವರು ಮುಖ ತಿರುವುತ್ತಿದ್ದರು. ಮೊದಲ ದಿನವೇ ಬೆಂಗ್ಟ್‌ನ ತಂಡದ ಮುಂದೆ ಅಂಥ ಅಪಶಕುನವಾಗಿ ನಿಲ್ಲಲು ಅಂತೋನಿ ತಯಾರಿರಲಿಲ್ಲ.

ಹೆಂಗಸು ಎರಡೂ ಚೀಲಗಳನ್ನು ಪಕ್ಕಪಕ್ಕ ಇಟ್ಟಳು. ನೀಲಿ ಚೀಲದ ಮೇಲೆ ಹೆಬ್ಬೆರಳ ಉಗುರು ಎಳೆದಳು. ನಂತರ ಹಸಿರು ಚೀಲದ ಮೇಲೆ ಎಳೆದಳು. ಅಂತೋನಿಯ ಮುಖ ನೋಡಿದಳು.

ಈಕೆ ನನ್ನನ್ನು ಏನು ಮಗುವೆಂದುಕೊಂಡಳೇ ಎಂದು ಅವನಿಗೆ ರೇಗಿತು. ಅಷ್ಟು ಹೊತ್ತು ನೂರು ಪ್ರಶ್ನೆ ಕೇಳಿದವನು ಉಗುರು ಎಳೆದದ್ದೇಕೆ ಎಂಬ ಆ ಒಂದನ್ನು ಮಾತ್ರ ಕೇಳಲಿಲ್ಲ. ನೀಲಿ ಚೀಲ ಕೊಂಡು ಹೊರಬಂದ.

ಮನೆಯಲ್ಲಿ ಹೆಂಡತಿ ಹೆಲೆನ್ ಚೀಲವನ್ನು ಸುತ್ತ ತಿರುಗಿಸಿ ನೋಡಿದಳು. ವೃದ್ಧಾಶ್ರಮದಲ್ಲಿ ದಾದಿಯಾಗಿದ್ದ ಅವಳಿಗೆ ಬಟ್ಟೆಯ ಮೇಲೆ ಕಲೆಯೆಂದರೆ ಆಗದು. "ರಕ್ತ ಇಳಿದರೆ ಯಾರು ಒಗೆಯುವುದು?" ಎಂದು ಕೇಳಿ, ಬಾಸುಮತಿ ಅಕ್ಕಿಯ ಖಾಲಿ ಪ್ಲಾಸ್ಟಿಕ್ ಚೀಲಗಳನ್ನು ಕತ್ತರಿಸಿ ಒಳಗೆಲ್ಲ ಅಸ್ತರಿ ಹೊಲಿದಳು. ಊರಿಗೆ ಹೋಗುವಾಗ ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿಯಲ್ಲಿ ತೂಗಿಯೂ ನೋಡಿದಳು. ಅಂತೋನಿ ಅಟ್ಟಣೆಯನ್ನು ಮೇಲೆ ಬಿಗಿದು ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಡುಗೆಮನೆಗೆ ನಡೆದ. ಟಿವಿ ಕೂಗುತ್ತಿತ್ತು, ಕುಕ್ಕರ್ ಶಿಳ್ಳೆ ಹಾಕುತ್ತಿತ್ತು. ಚೀಲ ಬಹಳ ಚೆನ್ನಾಗಿತ್ತು.

ಸೋಮವಾರ ನಸುಕಿನಲ್ಲಿ ಕಾಡಿನ ರಸ್ತೆಯ ತುದಿಯಲ್ಲಿ ತಂಡ ಸೇರಿತ್ತು. ಎಲ್ಲರ ಬೆನ್ನಲ್ಲೂ ಮಾಸಿದ, ಚಿಕ್ಕ ಚಿಕ್ಕ ಚೀಲಗಳು. ಅಂತೋನಿಯ ನೀಲಿ ಗೋಪುರವನ್ನು ಅವರೆಲ್ಲ ನೋಡಿದರು. ಬೆಂಗ್ಟ್ ಆ ದಿನದ ನಿಯಮ ಹೇಳಿದ: ಅತಿಥಿ ಕರುವನ್ನು ಮಾತ್ರ ಹೊಡೆಯಬಹುದು. ದೊಡ್ಡ ಮೃಗ ಎಷ್ಟೇ ಹತ್ತಿರ ಬಂದರೂ ಮುಟ್ಟುವಂತಿಲ್ಲ. ಹೀಗೆಂದು ಅಂತೋನಿಯನ್ನು ಜೌಗಿನ ಕಡೆಗೆ ಕರೆದುಕೊಂಡು ಹೊರಟ.

ಗಾಳಿಯಿರಲಿಲ್ಲ. ನೆಲದ ಮೇಲೆ ಪಾಚಿ ಹಾಸಿಗೆಯಂತೆ ದಪ್ಪಗಿತ್ತು. ಬೆಂಗ್ಟ್‌ನ ಹೆಜ್ಜೆ ಅದರಲ್ಲಿ ಕರಗಿಹೋಗುತ್ತಿತ್ತು. ಅಂತೋನಿಯ ಹೆಜ್ಜೆಗೆ ಮಾತ್ರ ಸರಪರ, ಸರಪರ. ಅಕ್ಕಿ ಚೀಲದ ಅಸ್ತರಿ ಒಳಗೆ ಮಾತಾಡಿದರೆ ನೈಲಾನು ಹೊರಗೆ ಉತ್ತರ ಕೊಡುತ್ತಿತ್ತು, ನಡುನಡುವೆ ಅಟ್ಟಣೆಯ ಕೊಕ್ಕೆ ಟಿಣ್ ಎನ್ನುತ್ತಿತ್ತು. ಹೆಜ್ಜೆ ಸಣ್ಣದು ಮಾಡಿದ, ಸದ್ದು ಹೆಚ್ಚಾಯಿತು. ಅಂಗಡಿಯ ಹೆಂಗಸಿನ ಉಗುರು ಈಗ ಅವನ ಕಿವಿಯೊಳಗೇ ಎಳೆಯುತ್ತಿತ್ತು.

ಬೆಂಗ್ಟ್ ನಿಂತು ತಿರುಗಿದ. "ಒಳಗೆ ಏನಿದೆ?" ಎಂದು ಪಿಸುದನಿಯಲ್ಲಿ ಕೇಳಿದ.

ಅಂತೋನಿ ಚೀಲ ಇಳಿಸಿ ಬಾಯಿ ತೆರೆದು ತೋರಿಸಿದ. ಒಂದು ಫ್ಲಾಸ್ಕು, ಹೆಲೆನ್ ಕಟ್ಟಿಕೊಟ್ಟ ಚಪಾತಿಯ ಡಬ್ಬಿ. ಉಳಿದಂತೆ ಹೊಳೆಯುವ ಅಕ್ಕಿ ಚೀಲದ ಖಾಲಿ ಗುಹೆ.

"ನನ್ನ ಪಾಲಿಗೆ," ಎಂದ.

ಬೆಂಗ್ಟ್ ನಗಲಿಲ್ಲ. ಇಲ್ಲಿ ಮೃಗವನ್ನು ಚರ್ಮ ಸುಲಿದು ತಣ್ಣನೆಯ ಕೊಟ್ಟಿಗೆಯಲ್ಲಿ ಒಂದು ವಾರ ತೂಗುಹಾಕುತ್ತಾರೆ, ಮಾಂಸ ಹದಕ್ಕೆ ಬಂದಮೇಲೆಯೇ ಪಾಲು ಎಂದು ವಿವರಿಸಿದ.

"ಮೊದಲೇ ಹೇಳಬಾರದಿತ್ತೇ?"

"ನೀನು ಕೇಳಲಿಲ್ಲ."

ಅಂತೋನಿಯ ಬಾಯಿಗೆ ಬಂದದ್ದು ಕೊಂಕಣಿಯ ಬೈಗುಳ; ಯಾರನ್ನು ಬೈಯುವುದೆಂದು ತಿಳಿಯದೆ ನುಂಗಿಕೊಂಡ. ಬೆಂಗ್ಟ್ ಗಡಿಯಾರ ನೋಡಿದ. ಮೃಗವನ್ನು ಎಬ್ಬಿಸುವ ನಾಯಿಯನ್ನು ಬಿಡುವ ಹೊತ್ತಾಗುತ್ತಿತ್ತು. ಈ ಸದ್ದಿನೊಡನೆ ಜೌಗಿಗೆ ಹೋದರೆ ಆ ದಿಕ್ಕಿನ ಬೇಟೆಯೇ ಮುಗಿಯಿತು. ಬೇಕಾದರೆ ಹಿಂದೆ ಹೋಗಿ ಕಾರುಗಳ ಹತ್ತಿರ ಕೂರು ಎಂದ. ಸಿಟ್ಟಿನಿಂದ ಹೇಳಿದ್ದಲ್ಲ. ಆದರೆ ಕಾರುಗಳ ಹತ್ತಿರ ಕೂತು ಬಂದ ಅತಿಥಿಯನ್ನು ಯಾವ ತಂಡವೂ ಸೇರಿಸಿಕೊಳ್ಳುವುದಿಲ್ಲ ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಚೀಲ ಇಲ್ಲೇ ಇರಲಿ," ಎಂದ ಅಂತೋನಿ.

ಅಟ್ಟಣೆಯನ್ನು ಬಿಚ್ಚಿದ. ಕೊಕ್ಕೆಗೆ ಕರವಸ್ತ್ರ ಸುತ್ತಿದ. ಮೈಮೇಲಿನ ಉಣ್ಣೆಯ ಸ್ವೆಟರು ಕಳಚಿ, ತಿರುಚಿ, ಸಿಂಬಿ ಮಾಡಿ ತಲೆಯ ಮೇಲಿಟ್ಟು, ಅದರ ಮೇಲೆ ಅಟ್ಟಣೆಯನ್ನು ಏರಿಸಿದ. ಹೆಗಲಿಗೆ ಕೋವಿ. ಬುಟ್ಟಿ ಹೊತ್ತ ಮೀನಿನ ಹೆಂಗಸಿನ ಹಾಗೆ ಕತ್ತು ನೆಟ್ಟಗೆ ಮಾಡಿ, ಮರ ಸಾಗಿಸುವ ಹಳೆಯ ದಾರಿ ಹಿಡಿದು ನಡೆದ. ಇದೇನೂ ದೊಡ್ಡ ಜಾಣತನವಲ್ಲ. ಎರಡು ಕಡೆ ಕೊಂಬೆಗೆ ತಾಗಿಸಿ ಬೀಳಿಸುವುದರಲ್ಲಿದ್ದ, ಮುಂದೆ ಒಂದು ವಾರ ಕತ್ತು ತಿರುಗಿಸಲಾಗಲಿಲ್ಲ. ಆದರೆ ಸದ್ದಿರಲಿಲ್ಲ. ಹಿಂದೆ ಬೆಂಗ್ಟ್ ಬರುತ್ತಿದ್ದಾನೋ ಇಲ್ಲವೋ ಎಂದು ನೋಡುವ ಹಾಗೂ ಇರಲಿಲ್ಲ. ಪೈನ್ ಮರದ ಬುಡ ತಲುಪಿ ತಿರುಗಿದಾಗ ಬೆಂಗ್ಟ್ ದೂರದಲ್ಲೇ ನಿಂತಿದ್ದ. ಒಂದು ಕೈಯೆತ್ತಿ ಹೊರಟುಹೋದ.

ಮರಕ್ಕೆ ಮುದುಕ ಬಡಿದಿಟ್ಟ ಮೆಟ್ಟಿಲುಗಳಿದ್ದವು. ಅಂತೋನಿ ಅಟ್ಟಣೆಯನ್ನು ಬಿಗಿದು, ಸೊಂಟಕ್ಕೆ ಪಟ್ಟಿ ಕಟ್ಟಿ, ಖಾಲಿ ಕೋವಿಯನ್ನು ಅಟ್ಟಣೆಗೆ ಕಟ್ಟಿದ್ದ ಹಗ್ಗದಲ್ಲಿ ಮೇಲೆಳೆದುಕೊಂಡು ಗುಂಡು ತುಂಬಿ ಕೂತ.

ಮೊದಲು ಏನೂ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ತನ್ನದೇ ಉಸಿರು ಕೇಳಿಸಿತು. ಅದು ತಗ್ಗಿದ ಮೇಲೆ ತೊಗಟೆಯ ಮೇಲೆ ಒಂದು ಹಕ್ಕಿಯ ಕಾಲು, ಜೌಗಿನಲ್ಲಿ ಒಂದೊಂದೇ ನೀರಿನ ಗುಳ್ಳೆ, ಎಲ್ಲೋ ದೂರದಲ್ಲಿ ನಾಯಿಯ ಬೊಗಳು. ಒಂದರ ಹಿಂದೆ ಒಂದು, ಯಾರೋ ಪರದೆ ಸರಿಸುತ್ತಿರುವ ಹಾಗೆ. ಓಹೋ, ಇವರು ಕೂತು ಮಾಡುವುದು ಇದನ್ನೇ ಎಂದುಕೊಂಡ. ಇದನ್ನು ಫಿಕಾ ಮೇಜಿನಲ್ಲಿ ಹೇಳು ಎಂದರೆ ಯಾರು ತಾನೇ ಏನು ಹೇಳಿಯಾರು?

ಕೆಳಗೆ ನೋಡಿದರೆ ಮೂಸ್ ನಿಂತಿತ್ತು.

ಅದು ಬಂದದ್ದೇ ತಿಳಿದಿರಲಿಲ್ಲ. ದೊಡ್ಡ ಎತ್ತಿನ ತೂಕದ ಹೆಣ್ಣು ಮೃಗ, ನೀಳ ಕಾಲು, ಎಮ್ಮೆಯ ಮೂತಿ. ಜೌಗಿನಲ್ಲಿ ಗೊರಸು ಹೂಳಿ ಎತ್ತಿ ನಡೆದರೂ ಸದ್ದಿಲ್ಲ. ಕಿವಿಗಳು ಮಾತ್ರ ಬೇರೆ ಬೇರೆ ಕಡೆ ತಿರುಗುತ್ತಿದ್ದವು. ಕಲ್ಲೆಸೆದರೂ ತಾಗುವಷ್ಟು ಹತ್ತಿರ. ಅಂತೋನಿಯ ಬೆರಳು ಕೋವಿಯ ಕುದುರೆಯ ಬಳಿ ಹೋಗಿ ತಾನಾಗಿ ಹಿಂದೆ ಬಂತು. ಕರುವಿಲ್ಲ. ಹೊಡೆಯುವಂತಿಲ್ಲ. ಅವನ ಸ್ವಭಾವಕ್ಕೆ ಅದು ಕಷ್ಟದ ಕೆಲಸ, ಆದರೆ ಆ ಗಳಿಗೆಯಲ್ಲಿ ಕಷ್ಟವೆನಿಸಲಿಲ್ಲ. ಇಷ್ಟು ಭಾರ ಹೊತ್ತು ಇದು ಸದ್ದಿಲ್ಲದೆ ಹೇಗೆ ನಡೆಯುತ್ತದೆ ಎಂದು ನೋಡುವುದರಲ್ಲೇ ಮುಳುಗಿಹೋಗಿದ್ದ.

ಅದು ಮರೆಯಾದ ಮೇಲೆ, ಬೆಂಗ್ಟ್ ಬೆಳಿಗ್ಗೆ ಕೊಟ್ಟಿದ್ದ ವಾಕಿಟಾಕಿ ಬಾಯಿಯ ಹತ್ತಿರ ತಂದು, ಹೆಣ್ಣೊಂದು ಉತ್ತರಕ್ಕೆ ದಾಟಿತು, ಜೊತೆಗೆ ಕರುವಿಲ್ಲ ಎಂದು ಪಿಸುಗುಟ್ಟಿದ. ನಸುಕಿನಲ್ಲಿ ತಾಯಿ-ಕರುವಿನ ಹೆಜ್ಜೆ ಕಂಡಿತ್ತು, ಹಾಗಾದರೆ ಕರು ಹಿಂದೆ ಉಳಿದಿದೆ ಎಂದು ಬೆಂಗ್ಟ್ ಎಲ್ಲರಿಗೂ ತಿಳಿಸಿದ. ಮಧ್ಯಾಹ್ನದ ಹೊತ್ತಿಗೆ ದಕ್ಷಿಣದ ದಿಣ್ಣೆಯಲ್ಲಿದ್ದವನು ಅದನ್ನು ಹೊಡೆದ.

ಒಂದು ವಾರದ ಬಳಿಕ ಶನಿವಾರ ಕೊಟ್ಟಿಗೆಗೆ ಬರಲು ಬೆಂಗ್ಟ್ ಫೋನ್ ಮಾಡಿದ. ಆ ನೀಲಿ ಚೀಲವನ್ನು ತಾ ಎಂದ. ತಮಾಷೆಯೋ ಏನೋ ತಿಳಿಯಲಿಲ್ಲ. ಪ್ರಭಾಕರ ಕಾರು ತಂದ. ಹಿಂದಿನ ಸೀಟಿಗೆ ಎರಡು ಪದರ ಹಳೆ ಪೇಪರು ಹಾಸಿಕೊಂಡೇ ಬಂದಿದ್ದ.

ಉದ್ದ ಮೇಜಿನ ಮೇಲೆ ಮಾಂಸದ ಗುಡ್ಡೆಗಳಿದ್ದವು. ಅತಿಥಿಗೆ ಕೊಡುವ ಪೊಟ್ಟಣವನ್ನು ಬಾಗಿಲ ಪಕ್ಕದ ಬೆಂಚಿನ ಮೇಲೆ ಬೇರೆಯಾಗಿ ಇಡುತ್ತಾರೆ ಎಂದು ಅಂತೋನಿ ಈ ಸಲ ಮೊದಲೇ ಕೇಳಿ ತಿಳಿದಿದ್ದ. ಬೆಂಚು ಖಾಲಿಯಿತ್ತು. ಒಂದು ತುಂಡೂ ಇಲ್ಲದೆ ಕಳಿಸುವುದಾದರೆ ಕರೆಸಿದ್ದೇಕೆ ಎಂದು ಸಿಟ್ಟು ನೆತ್ತಿಗೇರುತ್ತಿದ್ದಾಗ, ಬೆಂಗ್ಟ್ ಹೋಗಿ ಗೋಡೆಗೆ ಮುಖಮಾಡಿ ನಿಂತ. ಇನ್ನೊಬ್ಬ ಮೊದಲ ಗುಡ್ಡೆಯ ಮೇಲೆ ಚೂರಿಯ ತುದಿ ಇಟ್ಟು, "ಇದು ಯಾರಿಗೆ?" ಎಂದ.

ಇಲ್ಲಿಯವರೂ ಹೀಗೆಯೇ ಪಾಲು ಹಾಕುತ್ತಾರೆಂದು ಅಂತೋನಿಗೆ ಗೊತ್ತಿರಲಿಲ್ಲ. ಆ ಗೋಡೆಯ ಜಾಗದಲ್ಲಿ ಅವನಿಗೆ ಹಲಸಿನ ಮರ ಕಾಣಿಸಿತು.

ಬೆಂಗ್ಟ್ ಒಬ್ಬನ ಹೆಸರು ಹೇಳಿದ. ಎರಡನೆಯ ಗುಡ್ಡೆ. ಮತ್ತೊಬ್ಬನ ಹೆಸರು. ಮೂರನೆಯ ಗುಡ್ಡೆಗೆ ತುಸು ತಡೆದು, ಗೋಡೆಗೇ ಹೇಳುವವನಂತೆ ಹೇಳಿದ:

"ಅಂತೋನಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ, ಕೈಕುಲುಕಲಿಲ್ಲ. ಪಕ್ಕದವನು ಸ್ವಲ್ಪ ಸರಿದು ಮೇಜಿನ ಬಳಿ ಅವನಿಗೆ ಜಾಗ ಬಿಟ್ಟ. ಹೆಲೆನ್‌ಳ ಅಸ್ತರಿಯಿಂದ ಒಂದು ಹನಿಯೂ ಹೊರಗಿಳಿಯಲಿಲ್ಲ. ಆದರೂ ಪ್ರಭಾಕರ ಮನೆ ತಲುಪುವ ತನಕ ಕಿಟಕಿ ಇಳಿಸಿಕೊಂಡೇ ಓಡಿಸಿದ.

ಮುಂದಿನ ವಾರ ಅಂತೋನಿ ಒಬ್ಬನೇ ಅಂಗಡಿಗೆ ಹೋದ. ಈ ಸಲ ಅಟ್ಟಣೆಯನ್ನು ನೆಲಕ್ಕೆ ಮೆಲ್ಲಗಿಟ್ಟ. ನರೆತ ಕೂದಲಿನ ಹೆಂಗಸು ಗುರುತು ಹಿಡಿದಳು. ಅವನು ಸಾಲಾಗಿ ಒಂದೊಂದು ಚೀಲದ ಬಳಿಯೂ ನಿಂತು, ಕಣ್ಣು ಮುಚ್ಚಿ, ಹೆಬ್ಬೆರಳ ಉಗುರು ಎಳೆದು, ಕಿವಿ ಕೊಟ್ಟು ಕೇಳುತ್ತ ಬಂದ. ಹಸಿರು ಚೀಲದ ಬಳಿ ನಿಂತು ಎರಡು ಸಲ ಎಳೆದ.

"ಇದರ ಮೇಲೆ ಹಿಮ ಬಿದ್ದು ಗಟ್ಟಿಯಾದರೆ ಸದ್ದು ಮಾಡುತ್ತದೆಯೇ?" ಎಂದು ಕೇಳಿದ.

ಅವಳು ಕುರ್ಚಿ ಎಳೆದು ಕೂತಳು. ಇವತ್ತು ಬೇಗ ಮುಗಿಯುವುದಿಲ್ಲವೆಂದು ಅವಳಿಗೆ ಗೊತ್ತಾಗಿತ್ತು.